ರಂಗೋಲಿ ನೋಡುತ್ತಿದ್ದವಳಿಗೆ

ಅಯ್ಯಮ್ಮ,

ನೀನು ತೀರಿಕೊಂಡು ತಿಂಗಳಾಯಿತೆಂದು ಇವತ್ತು ಗೊತ್ತಾಯಿತು. ಇದನ್ನು ನಿನಗೆ ಓದಿ ಹೇಳುವವರಿಲ್ಲ, ಹಾಗಾಗಿ ನಿಜವನ್ನೇ ಬರೆಯುತ್ತೇನೆ. ನಿನ್ನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಲಾಕ್‌ಡೌನಿನಲ್ಲಿ ನಮ್ಮ ಇಂದಿರಾನಗರದ ಸಂಘದ ನಾಣಿಯವರು, "ಪಕ್ಕದ ಅಂಗಡಿಯವರ ಹತ್ರಾನೇ ತಗೊಳ್ಳಿ, ಅವರೂ ಬದುಕ್ಕೋತಾರೆ, ಒಂಟಿಯಾಗಿರೋರಿಗೂ ಊಟ ಸಿಗತ್ತೆ" ಎಂದು ನಿನ್ನ ರೊಟ್ಟಿಯಂಗಡಿಯನ್ನು ಗೊತ್ತುಮಾಡಿದರು. ರೊಟ್ಟಿ, ಪಲ್ಯ ಗೇಟಿಗೆ ನೇತುಹಾಕಿ ನೀನು ಹೋಗಬೇಕಿತ್ತು, ಅಷ್ಟೆ. ಆದರೆ ನೀನು ನಿಂತು ನನ್ನ ಬಾಗಿಲ ಕಡೆಯೇ ನೋಡುತ್ತಿದ್ದೆ. ಒಂಟಿ ಹೆಂಗಸಿನ ಮನೆಯಲ್ಲಿ ನೋಡುವುದೇನಿದೆ? ಒಂದು ದಿನ ಜ್ವರ ಬಂದು ನಾನು ಏಳದೆ ಮಲಗಿದ್ದರೆ, ನೀನು ಬೆಲ್ ಬೇರೆ ಒತ್ತಿದೆ. ಅವತ್ತೇ ನಾನು ನಾಣಿಯವರಿಗೆ ಹೇಳಿ, ನಿನ್ನ ರೊಟ್ಟಿ ನಮ್ಮ ಬೀದಿಗೇ ಬರದಂತೆ ಮಾಡಿದೆ. ಆಮೇಲೂ ನೀನು ಬೆಳಿಗ್ಗೆ ಗೇಟಿನ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಿದ್ದೆ. ಹಗೆ ಎಂದುಕೊಂಡೆ.

ಇವತ್ತು ಮಂಡಿನೋವು, ರಂಗೋಲಿ ಹಾಕಲಿಲ್ಲ. ಎಂಟಕ್ಕೆ ಬೆಲ್ ಆಯಿತು. ಸರಪಳಿ ತೆಗೆಯದೆ ಇಣುಕಿದರೆ ನಿನ್ನ ಮಗಳು ಕಾವೇರಿ.

"ಏನು ಬೇಕಿತ್ತು?" ಎಂದೆ.

"ಏನೂ ಬ್ಯಾಡ್ರೀ ಅಮ್ಮಾರ. ಅವ್ವ ತೀರಿಹೋಗಿ ತಿಂಗಳಾತ್ರೀ. ರಂಗೋಲಿ ಇದ್ರ ಅಮ್ಮಾರು ಅರಾಮ ಅದಾರ, ಇಲ್ಲಂದ್ರ ಬೆಲ್ ಒತ್ತಿ ಕೇಳು ಅಂತ ದವಾಖಾನಿಗೆ ಹೋಗೂ ಮುಂದ ಹೇಳಿದ್ಲ್ರೀ."

ನಾನು ಸರಪಳಿ ತೆಗೆಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ನಿನ್ನ ಅಂಗಡಿ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ತಿಂಗಳಿಂದ ಅದರ ಶಟರ್ ಎಳೆದೇ ಇದೆ. ದಿನವೂ ನಾನು ನೋಡಿದೆ, ಅಯ್ಯಮ್ಮ. ಯಾಕೆಂದು ಕೇಳಲಿಲ್ಲ.

ಸೀತಾಲಕ್ಷ್ಮಿ