ಟಿಕೆಟ್ ಕಿಟಕಿಯ ಮೇಲಿನ ಆಜ್ಞೆ

ಟಾರ್ಬೆಲ್ ಗುಡ್ಡ, ಮೇನ್
ಜನವರಿ ೧೪

ಚೇರ್‌ಲಿಫ್ಟಿನ ಸರ್ವಾಧಿಕಾರಿಗಳಾದ ಶ್ರೀ ಮರ್ಲ್ ಪೆಲ್ಟಿಯರ್ ಅವರ ಸನ್ನಿಧಿಗೆ,

ಅಪರಾಧಿ ಕ್ಯಾಲೆಬ್ ಮಾಡಿಕೊಳ್ಳುವ ಅರಿಕೆ.

ದೊಡ್ಡ ಸ್ಕೀ ಬೆಟ್ಟದವರು ಹಳೆಯದೆಂದು ಬಿಸಾಡಿದ, ಉಕ್ಕಿನ ಹಗ್ಗಕ್ಕೆ ಕುರ್ಚಿಗಳನ್ನು ತೂಗುಹಾಕಿ ಜನರನ್ನು ಮೇಲಕ್ಕೊಯ್ಯುವ ಈ ಲಿಫ್ಟನ್ನು ತಾವು ಆರು ಲಾರಿಗಳಲ್ಲಿ ತಂದು ನಮ್ಮ ಸ್ಕೀ ಗುಡ್ಡದಲ್ಲಿ ನಿಲ್ಲಿಸಿದಿರಿ. ನಾನೂ ಗೆಳೆಯ ಓರಿನ್ನನೂ ಅದರ ಜೋಡಿ ಕುರ್ಚಿಯಲ್ಲಿ ಕೂತು ಜೀಕಿದೆವು. ಹಗ್ಗ ಗಾಲಿಯಿಂದ ಜಾರಿ ಲಿಫ್ಟು ನಿಂತು, ಪಾದ್ರಿಗಳೂ ಸೇರಿದಂತೆ ಹನ್ನೊಂದು ಮಂದಿ ಗಾಳಿಯಲ್ಲಿ ನೇತಾಡಿದರು.

"ಲೋ ಕತ್ತೆಗಳಾ, ಇದಕ್ಕೆ ನಿಮ್ಮಜ್ಜಿ ವಯಸ್ಸಾಗಿದೆ ಕಣ್ರೋ!" ಎಂದು ತಾವು ಕೂಗಿದಿರಿ.

"ಅಜ್ಜಿಗೂ ಜೋಕಾಲಿ ಆಸೆ ಇರಲ್ವಾ, ಮರ್ಲಜ್ಜಾ?" ಎಂದ ಓರಿನ್.

ಅಂದೇ ಟಿಕೆಟ್ ಕಿಟಕಿಯ ಮೇಲೆ ಹಲಗೆ ಬಂತು: "ಕ್ಯಾಲೆಬ್, ಓರಿನ್ ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂರತಕ್ಕದ್ದಲ್ಲ." ನಾವು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು.

ನವೆಂಬರಿನಲ್ಲಿ ಓರಿನ್ನನ ಕಾರು ಹಿಮದ ಮೇಲೆ ಜಾರಿ ಅವನು ತೀರಿಕೊಂಡ. ತಾವು ಹಲಗೆಯನ್ನು ಇಳಿಸಿದ್ದೀರಿ. ನನಗೆ ನೋವಾಗದಿರಲೆಂದೇ ಇಳಿಸಿದಿರಿ, ಬಲ್ಲೆ. ಆದರೆ ಊರಿನಲ್ಲಿ ನಮ್ಮಿಬ್ಬರ ಹೆಸರನ್ನು ಜೊತೆಗೆ ಬರೆದಿದ್ದದ್ದು ಅದೊಂದೇ ಕಡೆ. ಸಮಾಧಿಯ ಕಲ್ಲಿನಲ್ಲಿ ಸ್ನೇಹಿತರ ಹೆಸರು ಕೆತ್ತುವುದಿಲ್ಲ.

ಈಗ ಒಬ್ಬನೇ ಹತ್ತುತ್ತೇನೆ. ಕುರ್ಚಿಯನ್ನು ಹಗ್ಗಕ್ಕೆ ತೂಗುಹಾಕಿದ ಕಂಬ ನಡುವೆಯೇ ಇರುವುದರಿಂದ ಮಧ್ಯದಲ್ಲಿ ಕೂರುವಂತಿಲ್ಲ. ಕುರ್ಚಿ ನನ್ನ ಕಡೆಗೆ ವಾಲಿಕೊಂಡೇ ಮೇಲೇರುತ್ತದೆ.

ದಯವಿಟ್ಟು ಹಲಗೆಯನ್ನು ಮತ್ತೆ ಹಾಕಿಸಿ. ಮೊಳೆ, ಸುತ್ತಿಗೆ ನಾನೇ ತರುತ್ತೇನೆ. ಇನ್ನು ಮುಂದೆ ತಮ್ಮ ಆಜ್ಞೆಯನ್ನು ಮೀರುವುದಿಲ್ಲವೆಂದು ಇಬ್ಬರ ಪರವಾಗಿಯೂ ಬರೆದುಕೊಡುತ್ತೇನೆ.

ತಮ್ಮ ಆಜ್ಞಾಧಾರಕ,
ಕ್ಯಾಲೆಬ್ ಡನ್