ಅಂಗೈ ಮೇಲಿನ ಸಾರು

ಟಿ. ನಗರ, ಚೆನ್ನೈ
೧೪ ಜುಲೈ ೨೦೨೫, ಸೋಮವಾರ

ನನ್ನ ಮುದ್ದು ಪ್ರಣಮ್ಯಾಳಿಗೆ ಅಮ್ಮ ಮಾಡುವ ಆಶೀರ್ವಾದ.

ಪೆರುಂಗುಡಿಯ ನಿನ್ನ ಹಾಸ್ಟೆಲಿಗೂ ನಮ್ಮ ಮನೆಗೂ ಒಂದೇ ಬಸ್ಸು, ದಿನವೂ ಫೋನು ಬೇರೆ. ಹಾಗಿದ್ದೂ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ಶುರು ಮಾಡಿದರೆ ನೀನು ತಮಿಳಿನಲ್ಲಿ ಪಟಪಟನೆ ಉತ್ತರ ಕೊಟ್ಟು ನನ್ನ ಬಾಯಿ ಮುಚ್ಚಿಸುತ್ತೀಯ. ಕನ್ನಡವನ್ನಾದರೆ ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತೀಯ. ಇವತ್ತು ನನಗೆ ಆ ನಿಧಾನವೇ ಬೇಕು. ಬರಹ ಡೊಂಕಾಗಿದ್ದರೆ ನನ್ನ ಬೆರಳುಗಳನ್ನು ಬೈದುಕೋ.

ನಿಮ್ಮ ಲ್ಯಾಬಿನವರು ನನ್ನಂಥ ಕೀಲುವಾತದವರಿಗೆ ಒಂದೂವರೆ ತಿಂಗಳು ಉಪ್ಪು ಕಡಿಮೆ ಮಾಡಿಸಿ ರಕ್ತ ನೋಡುತ್ತಾರೆ ಎಂದಾಗ ನಾನೇ ಮುಂದಾಗಿ ಸೇರಿದೆ. ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ವಿವರಿಸಿದ್ದು ನೆನಪಿದೆ. ರಕ್ತದಲ್ಲಿ ಕಾವಲು ಕಾಯುವ ಕಣಗಳಿವೆ, ಅವುಗಳೊಳಗೆ ಜೀನ್‌ಗಳಿವೆ, ನಮ್ಮ ಹೋಟೆಲಿನ ಸ್ವಿಚ್‌ಬೋರ್ಡಿನ ಹಾಗೆ ಕೆಲವು ಹೊತ್ತಿರುತ್ತವೆ, ಕೆಲವು ಆರಿರುತ್ತವೆ ಎಂದೆ. ಸುತ್ತ ಉಪ್ಪು ಹೆಚ್ಚಾದರೆ ಆರಿರಬೇಕಾದದ್ದು ಹೊತ್ತಿಕೊಂಡು, ಕಾವಲುಗಾರನೇ ಮನೆಯವರ ಮೇಲೆ ಕೈಮಾಡುತ್ತಾನೆ, ಕೀಲು ಊದುತ್ತದೆ ಎಂದೆ. ಮನುಷ್ಯರಲ್ಲಿ ಅದು ಎಷ್ಟು ನಿಜ ಎಂದು ನೋಡುವುದೇ ನಿಮ್ಮ ಕೆಲಸ. ನನಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಹೋದ ವಾರ ನೀನು ಫೋನು ಮಾಡಿ ಕುಣಿದಾಡಿದೆ. ಉಪ್ಪು ಇಳಿಸಿದ ಮೇಲೆ ಎಲ್ಲರಲ್ಲೂ ಆ ಜೀನ್ ಆರುತ್ತ ಬಂದಿದೆ, ಹದಿನೇಳನೆಯ ನಂಬರಿನ ಹೆಂಗಸಿನಲ್ಲಿ ಮಾತ್ರ ಇನ್ನೂ ಧಗಧಗ ಉರಿಯುತ್ತಿದೆ ಎಂದೆ. ಅವಳ ಕಣಗಳು ಹಳೆಯ ಉಪ್ಪನ್ನು ನೆನಪಿಟ್ಟುಕೊಂಡಿರಬೇಕು, ಇದು ಹೊಸ ವಿಷಯ, ಹೈದರಾಬಾದಿನ ಸಮ್ಮೇಳನದಲ್ಲಿ ನೀನೇ ಮಾತಾಡು ಎಂದು ಮೇಡಂ ಹೇಳಿದ್ದಾರೆ ಎಂದೆ. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಆ ಪುಣ್ಯಾತ್ಗಿತ್ತಿ ಎದುರಿಗೆ ಸಿಕ್ಕರೆ ಕಾಲಿಗೆ ಬೀಳುತ್ತೇನೆ ಎಂದು ಬೇರೆ ಹೇಳಿದೆ.

ಬೀಳಬೇಡ. ಆ ಹದಿನೇಳು ನಾನೇ. ನನಗೆ ಕೊಟ್ಟ ಕಾರ್ಡಿನಲ್ಲಿ ಅದೇ ನಂಬರಿದೆ.

ನನ್ನ ಕಣಗಳಿಗೆ ಯಾವ ನೆನಪೂ ಇಲ್ಲ ಮಗಾ. ಅವುಗಳಿಗೆ ಉಪ್ಪು ತಪ್ಪಲೇ ಇಲ್ಲ. ಊಟಕ್ಕೆ ನೀವು ಹೇಳಿದ ಸಪ್ಪೆಯನ್ನೇ ಉಂಡೆ, ಉಪ್ಪಿನಕಾಯಿ ಹಪ್ಪಳ ಮುಟ್ಟಲಿಲ್ಲ. ಆದರೆ ಬೆಳಗಿನ ಸಾಂಬಾರಿನಿಂದ ಸಂಜೆಯ ಚಟ್ನಿಯವರೆಗೆ ಹೋಟೆಲಿನ ಒಂದೊಂದು ಪಾತ್ರೆಯನ್ನೂ ರುಚಿ ನೋಡುವವಳು ನಾನು. ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕುವುದು, ಅಡುಗೆಯ ಕಿಟ್ಟಣ್ಣನಿಗೆ ಇನ್ನೊಂದು ಹಿಡಿ ಉಪ್ಪು ಹಾಕಲು ಹೇಳುವುದು, ಮತ್ತೆ ನೆಕ್ಕುವುದು. ನಮ್ಮಲ್ಲಿ ಅದನ್ನು ಯಾರೂ ತಿನ್ನುವುದು ಎನ್ನುವುದಿಲ್ಲ. ಎಲೆ ಹಾಕಿ ಕೂತರೆ ಊಟ, ನಿಂತು ನೆಕ್ಕಿದ್ದು ಕೆಲಸ. ಹಾಗಾಗಿ ನನಗೂ ಅದು ಹೊಳೆಯಲೇ ಇಲ್ಲ. ಇಡೀ ದಿನದ ಮೂತ್ರ ಹಿಡಿದು ತನ್ನಿ ಎಂದಾಗ, ಮನೆಯಲ್ಲಿರುತ್ತೇನಲ್ಲ ಎಂದು ಹೋಟೆಲಿಗೆ ರಜೆಯಿರುವ ಸೋಮವಾರವೇ ಹಿಡಿದುಕೊಟ್ಟೆ. ಅದರಲ್ಲಿ ಉಪ್ಪು ಕಡಿಮೆಯೇ ಬಂತು. ನಿಮಗೆ ಅನುಮಾನ ಬರುವ ದಾರಿಯೇ ಇರಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ನಿನ್ನ ನಗು ಕೇಳುತ್ತ ಇನ್ನೊಂದು ದಿನ ಹೇಳೋಣ ಎಂದುಕೊಂಡೆ. ಅಪ್ಪ ಹೋದ ಮೇಲೆ ಗಲ್ಲಾದಲ್ಲಿ ಕೂರುವ ನಿನ್ನ ಚಿಕ್ಕಪ್ಪ ಸದಾನಂದ, ತನ್ನ ಅಣ್ಣನ ಮಗಳು ಹೈದರಾಬಾದಿನಲ್ಲಿ ಭಾಷಣ ಮಾಡುತ್ತಾಳೆ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗಿದ. ನಾನೂ ಪಕ್ಕದಲ್ಲಿ ನಿಂತು ನಕ್ಕೆ. ಆ ನಗುವನ್ನು ನೆನೆದರೆ ತಲೆ ಎತ್ತಲಾಗುತ್ತಿಲ್ಲ. ನನಗೆ ನಾಚಿಕೆಯಾಗುತ್ತಿದೆ ಪ್ರಣಮ್ಯಾ. ಇಷ್ಟು ವರ್ಷ ನೀನು ಕಣ್ಣು ಕೆಂಪಗೆ ಮಾಡಿಕೊಂಡು ದುಡಿದೆ, ಹೆತ್ತವಳೇ ಅದಕ್ಕೆ ಮಣ್ಣು ಹಾಕಿದಳು.

ಸಮ್ಮೇಳನ ಇನ್ನೂ ಶುರುವಾಗಿಲ್ಲ, ಅದೊಂದೇ ಸಮಾಧಾನ. ಹದಿನೇಳನ್ನು ತೆಗೆದುಹಾಕು. ನಂಬದ ಜನ ನಾಳೆ ಇದೇ ಪ್ರಯೋಗ ಮಾಡಿ ನೋಡಿ, ನಿನ್ನನ್ನು ಸುಳ್ಳಿ ಎನ್ನುವುದು ಬೇಡ. ಗುರುವಾರ ನಾನೇ ಬಂದು ನಿಮ್ಮ ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ.

ತಲೆತಗ್ಗಿಸಿದ ನಿನ್ನ ಅಮ್ಮ,
ಸರಸ

ತಾ.ಕ.: ಹೊಳೆಯಲೇ ಇಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹರಿದು ಬೇರೆ ಬರೆಯೋಣವೆಂದರೆ ಬೆರಳು ಒಪ್ಪುತ್ತಿಲ್ಲ. ಮೊದಲ ದಿನವೇ ರಕ್ತ ತೆಗೆಯುವ ಹುಡುಗಿ ನನ್ನ ಕೆಲಸ ವಿಚಾರಿಸಿ, "ರುಚಿ ಪಾಪ್ಪೀಂಗಳಾಮ್ಮಾ?" ಎಂದು, ರುಚಿ ನೋಡುತ್ತೀರಾ ಎಂದೇ ಕೇಳಿದಳು. ನಾನು "ಇಲ್ಲಮ್ಮಾ" ಎಂದೆ. ಇಷ್ಟು ವರ್ಷ ಮದರಾಸಿನಲ್ಲಿದ್ದು ಭಾಷೆ ತಿಳಿಯಲಿಲ್ಲ ಎನ್ನುವ ಹಾಗೂ ಇಲ್ಲ. ಈ ಬೆರಳುಗಳಿಂದ ಹೆಚ್ಚಲಿಕ್ಕೆ, ರುಬ್ಬಲಿಕ್ಕೆ ಆಗದೆ ಎಷ್ಟೋ ಕಾಲವಾಯಿತು. ಆ ಅಡುಗೆಮನೆಯಲ್ಲಿ ನನ್ನದೆಂದು ಉಳಿದಿದ್ದು ನಾಲಗೆಯೊಂದೇ. ಅದನ್ನೂ ಬಿಟ್ಟರೆ, ಇನ್ನು ಮನೆಯಲ್ಲೇ ಆರಾಮಾಗಿರಿ ಅತ್ತಿಗೆ ಎಂದು ನಿನ್ನ ಚಿಕ್ಕಪ್ಪ ಪ್ರೀತಿಯಿಂದಲೇ ಹೇಳಿಬಿಡುತ್ತಾನೆ. ಆ ಪ್ರೀತಿಗೆ ಹೆದರಿದೆ. ಶುಕ್ರವಾರದಿಂದ ಸಾರನ್ನು ಕಿಟ್ಟಣ್ಣನೇ ರುಚಿ ನೋಡುತ್ತಿದ್ದಾನೆ. ಒಬ್ಬ ಗಿರಾಕಿಯೂ ಏನೂ ಅನ್ನಲಿಲ್ಲ.