ಮೆಹಿಟಬೆಲ್ ಮುತ್ತಜ್ಜಿಯ ಕಲ್ಲು

ಬಾಸ್ಟನ್, ಮಂಗಳವಾರ

ಪ್ರೀತಿಯ ಅಜ್ಜಿ,

ನಮ್ಮ ವಂಶದ ಮೆಹಿಟಬೆಲ್ ಮುತ್ತಜ್ಜಿಯ ಸಮಾಧಿಕಲ್ಲು ಇಲ್ಲಿನ ಹಳೇ ಸ್ಮಶಾನದಲ್ಲಿ ಸಿಕ್ಕಿತು. ಮೇಲೆ ರೆಕ್ಕೆ ಬಿಚ್ಚಿದ ತಲೆಬುರುಡೆಯ ಕೆತ್ತನೆ, ಕೆಳಗೆ ಅವಳು ಸತ್ತ ವರ್ಷ 1683.

ಇವತ್ತು ಗೈಡ್ ಆಗಿ ಪ್ರವಾಸಿಗರನ್ನು ಸ್ಮಶಾನ ಸುತ್ತಿಸುವ ನನ್ನ ಮೊದಲ ನಡಿಗೆ. ಅವಳ ಕಾಲದ ಕಟ್ಟಾ ಕ್ರೈಸ್ತರಾದ ಪ್ಯೂರಿಟನ್ನರ ಕಪ್ಪು ಉಡುಪು ತೊಟ್ಟು, ಹನ್ನೆರಡು ಜನರನ್ನು ಆ ಕಲ್ಲಿನೆದುರು ನಿಲ್ಲಿಸಿ, "ನಮ್ಮ ಮುತ್ತಜ್ಜಿ ಇಲ್ಲೇ ಮಲಗಿದಾಳೆ" ಎಂದೆ. ಅವಳ ತಲೆಯ ಬಳಿ ಇಡು ಎಂದು ನೀನು ಕೊಟ್ಟ ಒಣ ಗುಲಾಬಿ ಎಸಳಿನ ಚೀಲವನ್ನೂ ಬಿಚ್ಚಿದೆ.

ಹುಲ್ಲು ಕತ್ತರಿಸುತ್ತಿದ್ದ ಮುದುಕ ಓರಿನ್ ಯಂತ್ರ ನಿಲ್ಲಿಸಿದ. "ಅಲ್ಲಿಲ್ಲ ಕಣಮ್ಮ ಅವಳು. ಹುಲ್ಲು ಕೊಯ್ಯೋಕೆ ಅಡ್ಡ ಅಂತ ಹಿಂದಿನೋರು ಕಲ್ಲೆಲ್ಲ ಕಿತ್ತು ಸಾಲಾಗಿ ನೆಟ್ಟವ್ರೆ. ಮೂಳೆ ಮಾತ್ರ ಎಲ್ಲಿದ್ವೋ ಅಲ್ಲೇ ಅವೆ."

"ಹಾಗಾದ್ರೆ ಅವಳೆಲ್ಲಿ?"

"ಈ ಬೇಲಿಯೊಳಗೆ ಎಲ್ಲೋ. ನಂಗೊತ್ತಿರೋದು ಅಷ್ಟೇ."

ಜನ ನಕ್ಕರು. ನನಗೆ ಕೆಂಡದಂಥ ಸಿಟ್ಟು ಬಂತು. ನಡಿಗೆ ಮುಗಿಸಿ ಅವರನ್ನು ಕಳಿಸಿ, ಒಬ್ಬಳೇ ವಾಪಸು ಬಂದೆ. ಬೇಲಿಯ ಮೂಲೆಯಿಂದ ಶುರುಮಾಡಿ ಎರಡು ಹೆಜ್ಜೆಗೊಂದು ಚಿಟಿಕೆ ಎಸಳು ಉದುರಿಸುತ್ತ ಹೋದೆ. "ನಾಳೆ ಇದನ್ನೆಲ್ಲ ಗುಡಿಸೋನು ನಾನೇ ತಾನೆ?" ಎಂದು ಓರಿನ್ ಗೊಣಗಿದ. ಆದರೂ ನಾನು ಮುಗಿಸುವವರೆಗೆ ಯಂತ್ರ ಶುರು ಮಾಡಲಿಲ್ಲ.

ಮೂರನೇ ಸಾಲಿಗೇ ಚೀಲ ಖಾಲಿಯಾಯಿತು. ಇನ್ನೂ ಮೂವತ್ತೊಂದು ಸಾಲುಗಳಿವೆ.

ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಅದು ಬಿಟ್ಟರೆ ಆರಾಮವಾಗಿದ್ದೇನೆ. ಈ ಬೇಸಿಗೆ ನಿನ್ನ ತೋಟದ ಗುಲಾಬಿ ಯಾರಿಗೂ ಕೊಡಬೇಡ, ಚರ್ಚಿಗೂ ಬೇಡ. ಎಲ್ಲ ಒಣಗಿಸಿ ಕಳಿಸು. ಅವಳು ಈ ಬೇಲಿಯೊಳಗೇ ಇದ್ದಾಳೆ. ಒಂದು ಗೇಣು ನೆಲವನ್ನೂ ನಾನು ಬಿಡುವುದಿಲ್ಲ.

ಲೊರೇನ್